ಅಪ್ಪ ಹೊರಗೇ ನಿಂತ ಹುಣ್ಣಿಮೆ

ಅಪ್ಪನನ್ನು ಈ ಸಲ ಮನೆಯಲ್ಲೇ ಬಿಟ್ಟು ಹೋಗು ಎಂದು ನನ್ನ ಗಂಡ ಹಿಂದಿನ ದಿನದಿಂದಲೇ ಹೇಳುತ್ತಿದ್ದ. ಅವನಿಗೆ ಮಾಲೂರಿನ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ನಮ್ಮ ಜೊತೆ ಬರುವ ಹಾಗಿರಲಿಲ್ಲ.

"ಬಸ್ ಸ್ಟ್ಯಾಂಡಲ್ಲಿ ಮಗೂನ ನೋಡ್ಕೊಂತೀಯಾ, ಮಾವನ್ನ ನೋಡ್ಕೊಂತೀಯಾ? ಒಂದ್ ಗಳಿಗೆ ಕಣ್ಣು ತಪ್ಪಿದ್ರೆ ಎಲ್ಲಿ ಅಂತ ಹುಡುಕ್ತೀಯ? ಪಕ್ಕದ ಮನೆ ಅಕ್ಕಂಗೆ ಹೇಳಿದೀನಿ, ನಾನು ಬರೋವರೆಗೂ ನೋಡ್ಕೊಂತಾರೆ" ಎಂದ.

ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಬುದ್ಧ ಪೂರ್ಣಿಮೆಯ ದಿನ ಅಪ್ಪನಿಲ್ಲದೆ ವಿಹಾರಕ್ಕೆ ಹೋಗುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ನಮ್ಮ ಮನೆಯಲ್ಲಿ ಬೇರೆ ಹಬ್ಬಗಳೆಲ್ಲ ಅಪ್ಪನ ಕಾಲಕ್ಕೇ ನಿಂತುಹೋಗಿದ್ದವು. ಈ ಒಂದು ದಿನ ಮಾತ್ರ ಅವನು ನಸುಕಿನಲ್ಲೇ ಎದ್ದು, ಬಿಳಿ ಪಂಚೆ ಬಿಳಿ ಶರಟು ಹಾಕಿಕೊಂಡು, ಅಮ್ಮ ಪಾಯಸಕ್ಕೆ ಇಟ್ಟ ಹಾಲು ಉಕ್ಕದ ಹಾಗೆ ತಾನೇ ಒಲೆಯ ಮುಂದೆ ನಿಲ್ಲುತ್ತಿದ್ದ. ಕೋಲಾರದಲ್ಲಿ ಕಾಲೇಜು ಓದುವಾಗ ಗೆಳೆಯರ ಜೊತೆ ಧಮ್ಮ ದೀಕ್ಷೆ ತೆಗೆದುಕೊಂಡವನು. ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದ ಹೋಟೆಲುಗಳಿಗೆ ನುಗ್ಗಿ, ಎಲ್ಲರ ಜೊತೆ ಕೂತು ಕಾಫಿ ಕುಡಿದು, ಏಟು ತಿಂದು, ಕೇಸು ಹಾಕಿಸಿಕೊಂಡವನು. ಆಮೇಲೆ ಮುಳಬಾಗಿಲ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಮೇಷ್ಟ್ರಾಗಿ ಜೀವನ ಕಳೆದ. ನನ್ನನ್ನು ಯಾರ ಮನೆಗಾದರೂ ಕರೆದುಕೊಂಡು ಹೋದರೆ ದಾರಿಯಲ್ಲೇ ಹೇಳುತ್ತಿದ್ದ: "ಮೊದಲು ನೀರು ಕೇಳು. ಹೆಂಗೆ ಕೊಡ್ತಾರೆ ನೋಡು. ಮಾತೆಲ್ಲ ಆಮೇಲೆ."

ಅಮ್ಮ ತೀರಿಕೊಂಡ ಮೇಲೆ ಅವನು ನಮ್ಮ ಜೊತೆಗಿರಲು ಮಾಲೂರಿಗೆ ಬಂದ. ಮರೆವು ಶುರುವಾದದ್ದು ಇಲ್ಲೇ. ಮೊದಮೊದಲು ಕನ್ನಡಕ, ಹಲ್ಲಿನ ಸೆಟ್ಟು. ಆಮೇಲೆ ಊಟ ಮಾಡಿದೆನೋ ಇಲ್ಲವೋ ಎಂಬುದು. ಆಮೇಲೊಂದು ದಿನ ಪೇಟೆ ಬೀದಿಯಲ್ಲಿ ನಿಂತು, ಮನೆಗೆ ಹೋಗುವ ದಾರಿ ಯಾವುದೆಂದು ಹೂ ಮಾರುವವಳನ್ನು ಕೇಳಿದನಂತೆ. ಡಾಕ್ಟರು, "ಹೊಸದು ಮೊದಲು ಹೋಗುತ್ತಮ್ಮ, ಹಳೇದು ಕೊನೇವರೆಗೂ ಉಳಿಯುತ್ತೆ" ಎಂದಿದ್ದರು. ನಾನು ಆ ಮಾತನ್ನು ಸಮಾಧಾನದ ಮಾತೆಂದೇ ತೆಗೆದುಕೊಂಡಿದ್ದೆ. ಹಳೆಯದರಲ್ಲಿ ಅಮ್ಮ ಇದ್ದಾಳೆ, ನಾನೂ ಇದ್ದೇನೆ ಎಂದುಕೊಂಡು.

ಹಾಗಾಗಿ ಆ ಬೆಳಿಗ್ಗೆ ಮೂವರೂ ಹೊರಟೆವು. ನನ್ನ ಮಗಳಿಗೆ ಆಗ ಆರು ವರ್ಷ. ತಾತನ ಶರಟಿನ ಗುಂಡಿ ಹಾಕುವುದು ಅವಳ ಕೆಲಸ. ಒಂದು ಗುಂಡಿ ಮೇಲೆ ಕೆಳಗಾಗಿ ಕಾಲರು ಓರೆಯಾದರೆ ಮತ್ತೆ ಎಲ್ಲ ಬಿಚ್ಚಿ ಮೊದಲಿಂದ ಹಾಕುತ್ತಿದ್ದಳು. ಅವನು ಗಲ್ಲ ಎತ್ತಿಕೊಂಡು ಶಿಸ್ತಾಗಿ ನಿಂತಿರುತ್ತಿದ್ದ. ಬಸ್ಸಿನಲ್ಲಿ ಇಬ್ಬರನ್ನೂ ಕಿಟಕಿಯ ಕಡೆ ಕೂರಿಸಿ ನಾನು ತುದಿಯಲ್ಲಿ ಕೂತೆ. ಕೋಲಾರ ಹತ್ತಿರವಾದಾಗ ಟೊಮೆಟೊ ಕ್ರೇಟು ಹೇರಿಕೊಂಡ ಲಾರಿಗಳು ಸಾಲಾಗಿ ಎದುರಾದವು. ಮಗಳು ಅವನ್ನು ಎಣಿಸುತ್ತ ಎಣಿಸುತ್ತ ತಪ್ಪಿದಾಗ, ಅಪ್ಪ ಮೇಷ್ಟ್ರ ದನಿಯಲ್ಲಿ "ಮತ್ತೆ ಮೊದಲಿಂದ ಹೇಳು" ಎಂದ. ನನಗೆ ಜೀವಕ್ಕೆ ಹಾಯೆನಿಸಿತು.

ವಿಹಾರ ಎಂದರೆ ದೊಡ್ಡದೇನಲ್ಲ. ಊರಂಚಿನಲ್ಲಿ ತಗಡಿನ ಚಾವಣಿಯ ಒಂದು ಹಾಲು. ಎದುರಿಗೆ ಬುದ್ಧನ ಮೂರ್ತಿ, ಪಕ್ಕದ ಗೋಡೆಯ ಮೇಲೆ ನೀಲಿ ಕೋಟಿನ ಪಟ. ಹೆಂಗಸರು ಮಲ್ಲಿಗೆ ತಂದಿದ್ದರು. ಮಕ್ಕಳಿಗೆ ಮೇಣದ ಬತ್ತಿ ಹಚ್ಚುವ ಕೆಲಸ ಕೊಟ್ಟಿದ್ದರು. ವಿಹಾರದ ಭಿಕ್ಷು ಭಂತೇಜಿ ಬುದ್ಧಂ ಸರಣಂ ಎಂದು ತ್ರಿಸರಣ ಶುರುಮಾಡಿದಾಗ ನಾನು ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಮನೆಯಲ್ಲಿ ಒಂದು ವಾಕ್ಯ ಪೂರ್ತಿ ಹೇಳಲು ತಡವರಿಸುವ ಅವನು ಒಂದಕ್ಷರ ತಪ್ಪದೆ, ಎಲ್ಲರಿಗಿಂತ ಗಟ್ಟಿಯಾಗಿ, ಶೀಲಗಳನ್ನೆಲ್ಲ ಹೇಳಿದ. ಮುಂದೆ ಕೂತವರು ತಿರುಗಿ ನೋಡಿದರು. ಅವನ ಹಳೆಯ ಗೆಳೆಯರೊಬ್ಬರು ಕಣ್ಣೊರೆಸಿಕೊಂಡದ್ದನ್ನು ಕಂಡೆ. ಡಾಕ್ಟರು ಹೇಳಿದ ಹಳೆಯದು ಎಂದರೆ ಇದೇ ಇರಬೇಕು ಎಂದು ನನ್ನ ಮನಸ್ಸು ಉಬ್ಬಿತು.

ಭಂತೇಜಿ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಪಂಚಶೀಲವನ್ನು ಸುಲಭವಾಗಿ ಬಿಡಿಸಿ ಹೇಳಿದರು. ಯಾವ ಜೀವವನ್ನೂ ಕೊಲ್ಲಬಾರದು ಎಂಬಲ್ಲಿಗೆ ನನ್ನ ಮಗಳು ಕೈಯೆತ್ತಿದಳು.

"ಸೊಳ್ಳೆ?"

ಹಾಲಿನ ತುಂಬ ನಗು. ಭಂತೇಜಿಯೂ ನಕ್ಕು, "ಸೊಳ್ಳೆ ಪರದೆ ಕಟ್ಕೋ ಪುಟ್ಟ" ಎಂದರು. ಅವಳು ಅದನ್ನು ಗಂಭೀರವಾಗಿ ತೆಗೆದುಕೊಂಡು, ಮನೆಗೆ ಹೋಗುವಾಗ ಪರದೆ ತರಲೇಬೇಕೆಂದು ನನ್ನಿಂದ ಮಾತು ತೆಗೆದುಕೊಂಡಳು. ಪಾಯಸ ಹಂಚಿದರು. ಅಪ್ಪ ಎರಡು ಸಲ ಹಾಕಿಸಿಕೊಂಡ.

ಅಲ್ಲಿಂದ ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಅಪ್ಪನ ತಂಗಿ, ನನ್ನ ಸೋದರತ್ತೆ, ಹುಟ್ಟಿದ ಊರಿನಲ್ಲೇ ಇದ್ದಾಳೆ. ಕಾಲೋನಿಯ ಹಿಂದೆ ಅವಳದ್ದೊಂದು ಸಣ್ಣ ಮಾವಿನ ತೋಟ. ಹುಣ್ಣಿಮೆಯ ಮಧ್ಯಾಹ್ನ ಅಲ್ಲಿ ಊಟ ಮಾಡಿ, ಸಂಜೆಯವರೆಗೆ ಆಡಿ, ಕೊನೆಯ ಬಸ್ಸಿಗೆ ಮುಂಚೆ ಮನೆಗೆ ಹೊರಡುವುದು ನಮ್ಮ ವಾಡಿಕೆ. ಆ ವರ್ಷ ಕೊಯ್ಲು ಇನ್ನೂ ಶುರುವಾಗಿರಲಿಲ್ಲ. ಕಾಯಿ ಭಾರಕ್ಕೆ ಕೊಂಬೆಗಳು ನೆಲ ಮುಟ್ಟುವ ಹಾಗಿದ್ದವು. ಅತ್ತೆ ನನ್ನ ಮಗಳಿಗೆಂದೇ ದಪ್ಪ ಕೊಂಬೆಗೆ ಹಗ್ಗ ಕಟ್ಟಿ, ಮೇಲೆ ಹಳೆಯ ಸೀರೆ ಮಡಚಿ ಹಾಕಿ ಉಯ್ಯಾಲೆ ಮಾಡಿದ್ದಳು. ತೋತಾಪುರಿ ಕಾಯಿ ಸೀಳಿ ಉಪ್ಪು ಖಾರ ಸವರಿ ಕೊಟ್ಟಳು. ಮಗಳು ಹುಳಿಗೆ ಒಂದು ಕಣ್ಣು ಮುಚ್ಚಿಕೊಂಡು ತಿಂದಳು. ಅಪ್ಪ ಉಯ್ಯಾಲೆ ತೂಗಿದ. "ಇನ್ನೂ ಮೇಲಕ್ಕೆ ತಾತ" ಎಂದು ಅವಳು ಕೂಗಿದಾಗಲೆಲ್ಲ ನನ್ನ ಹೆಸರು ಹಿಡಿದು, "ಬೀಳ್ತೀಯ ಕಣೇ, ಗಟ್ಟಿಯಾಗಿ ಹಿಡ್ಕೋ" ಎನ್ನುತ್ತಿದ್ದ. ತಾತ ತನ್ನ ಹೆಸರು ತಪ್ಪಿ ಕರೆಯುವುದು ಅವಳಿಗೆ ಅಭ್ಯಾಸವಾಗಿತ್ತು. ಆ ಹೆಸರಿಗೂ ಓ ಎನ್ನುತ್ತಿದ್ದಳು.

ಊಟವಾದ ಮೇಲೆ ಚಾಪೆಯ ಮೇಲೆ ಒರಗಿದ ನನಗೆ ಕಣ್ಣು ಹತ್ತಿಬಿಟ್ಟಿತು. ಎಚ್ಚರವಾದಾಗ ಅತ್ತೆ ಪಾತ್ರೆ ತೊಳೆಯುತ್ತಿದ್ದಳು, ಮಗಳು ಒಬ್ಬಳೇ ಉಯ್ಯಾಲೆಯ ಮೇಲೆ ಕೂತು ಕಾಲಿನಿಂದ ಮಣ್ಣು ಕೆದರುತ್ತಿದ್ದಳು. ಅಪ್ಪ ಇರಲಿಲ್ಲ.

"ತಾತ ಎಲ್ಲೇ?"

"ನೀರು ಕುಡಿಯಕ್ಕೆ ಹೋದ."

"ನೀರು ಇಲ್ಲೇ ಬಿಂದಿಗೇಲಿ ಇದೆಯಲ್ಲ?"

"ನಾನೂ ಅಂದೆ. ಅದಲ್ಲ ಅಂದ."

ಅತ್ತೆಗೆ ಮಂಡಿ ನೋವು, ನಡೆಯಲಾಗದು. ನಾನು ಮಗಳ ಕೈ ಹಿಡಿದು ಹೊರಟೆ. ಬಾವಿಯ ಕಡೆ ನೋಡಿದೆ, ಕಾಲೋನಿಯ ಸಂದಿಗಳಲ್ಲಿ ನೋಡಿದೆ. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು, "ಬಿಳೀ ಬಟ್ಟೆ ಯಜಮಾನ್ರಾ? ಊರೊಳಿಕ್ಕೆ ಹೋದ್ರು" ಎಂದು ಕೈ ತೋರಿಸಿದಳು. ರಸ್ತೆಯಲ್ಲಿ ಲಾರಿಗಳು, ಆಚೆಗೆ ಕೆರೆ. ಏನೇನೋ ಕಣ್ಣ ಮುಂದೆ ಬಂದವು. ಕಾಲೋನಿಯ ದಾರಿ ಊರ ಬೀದಿಗೆ ಸೇರುವ ತಿರುವಿನಲ್ಲಿ ಮಗಳು ಕೈ ಕೊಸರಿಕೊಂಡು ಓಡಿದಳು.

"ಅಮ್ಮಾ, ತಾತನ ಚಪ್ಪಲಿ!"

ಲೈಟ್ ಕಂಬದ ಬುಡದಲ್ಲಿ ಅಪ್ಪನ ಚಪ್ಪಲಿಗಳು ಜೋಡಿಸಿಟ್ಟ ಹಾಗೆ ಇದ್ದವು. ಬಿದ್ದು ಕಳಚಿದ್ದಲ್ಲ, ಬಿಟ್ಟು ಹೋದದ್ದು. ನೆಲ ಕಾದ ಹೆಂಚಿನಂತಿತ್ತು. ಈ ಬಿಸಿಲಲ್ಲಿ ಬರಿಗಾಲಲ್ಲಿ ಯಾಕೆ ಹೋದ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಊರ ಬೀದಿಯಲ್ಲಿ ಒಂದು ಕಾಲಕ್ಕೆ ನಮ್ಮವರು ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ ಎಂಬುದು ಹೊಳೆದ ಮೇಲೆ ನಾನು ಓಡಿದೆ.

ಬೀದಿಯ ಕೊನೆಗೊಂದು ದೊಡ್ಡ ಮನೆ. ಹೊಸದಾಗಿ ಬಣ್ಣ ಹೊಡೆದ ತಾರಸಿ ಮನೆ, ಮುಂದೆ ಕಾರು. ಹಳೆಯದೆಂದು ಉಳಿದದ್ದು ಕಲ್ಲಿನ ಎತ್ತರದ ಜಗುಲಿ, ಅದರ ಪಕ್ಕದ ಬೇವಿನ ಮರ. ಜಗುಲಿಯ ಕೆಳಗೆ, ಬೀದಿಯಲ್ಲಿ, ನನ್ನ ಅಪ್ಪ ನಿಂತಿದ್ದ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡಿದ್ದ. ಬೆನ್ನು ಬಗ್ಗಿಸಿ, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಿದ್ದ. ಜಗುಲಿಯ ಮೇಲೆ ನಿಂತ ಮುದುಕಿಯೊಬ್ಬಳು ತಂಬಿಗೆಯಿಂದ ಅವನ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. ನೀರು ಮೊಣಕೈ ಇಳಿದು, ಮಗಳು ಗುಂಡಿ ಹಾಕಿದ್ದ ಬಿಳಿಯ ಶರಟನ್ನೆಲ್ಲ ತೋಯಿಸುತ್ತಿತ್ತು. ಅಪ್ಪ ಗುಟುಕರಿಸಿ ಕುಡಿಯುತ್ತಿದ್ದ.

ಬಾಗಿಲಲ್ಲಿ ನಿಂತಿದ್ದ ಆ ಮನೆಯ ಸೊಸೆ ನನ್ನನ್ನು ನೋಡಿ ದಡಬಡಿಸಿ ಕೆಳಗಿಳಿದಳು. ಅವಳ ಕೈಯಲ್ಲಿ ನೀರು ತುಂಬಿದ ಸ್ಟೀಲಿನ ಲೋಟವಿತ್ತು.

"ನಿಮ್ಮೋರಾ ಅಕ್ಕ? ಒಳಗೆ ಬನ್ನಿ ತಾತ ಅಂತ ಎಷ್ಟು ಕರೆದೆ. ಲೋಟ ಕೊಟ್ರೂ ತಗೊಳ್ಳಲಿಲ್ಲ."

ಮುದುಕಿ ತಂಬಿಗೆ ಇಳಿಸದೆಯೇ ಅಂದಳು: "ಅವನೇ ಕೇಳಿದ್ದಮ್ಮ. ಹೊಯ್ರಿ ಅಂದ, ಹೊಯ್ದೆ. ನಾನೇನ್ ಮಾಡ್ಲಿ?"

ಅವಳ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ತಂಬಿಗೆಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ಅವಳ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ಪಾ" ಎಂದೆ. ಅವನು ಬಗ್ಗಿದಲ್ಲಿಂದಲೇ ನನ್ನ ಕಡೆ ನೋಡಿದ. ಗುರುತು ಹತ್ತಲಿಲ್ಲ. "ಪಕ್ಕನ ನಿಲಬಡಮ್ಮಾ" ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ಪಕ್ಕಕ್ಕೆ ನಿಲ್ಲು, ಮನೆಯ ಅಮ್ಮನವರು ನಿಂತಿದ್ದಾರೆ, ನೆರಳು ತಾಕೀತು ಎಂದು. ತೆಲುಗು ಅವನ ಅಮ್ಮ ಅವನ ಜೊತೆ ಆಡುತ್ತಿದ್ದ ಮಾತು. ನನ್ನ ಜೊತೆ ಅವನು ಎಂದೂ ಅದನ್ನು ಆಡಿದವನಲ್ಲ.

ಇಷ್ಟರಲ್ಲಿ ನನ್ನ ಮಗಳು ತಾತನ ಪಕ್ಕ ಹೋಗಿ ನಿಂತಳು. ಅವನ ಹಾಗೇ ಬಗ್ಗಿ, ಅವನ ಹಾಗೇ ಪುಟ್ಟ ಕೈಗಳನ್ನು ಜೋಡಿಸಿ ಮುಖ ಎತ್ತಿದಳು. ಅವಳಿಗೆ ಅದೊಂದು ಹೊಸ ಆಟ.

"ಅಜ್ಜೀ, ನಂಗೂ ಹೊಯ್ರಿ."

ಮುದುಕಿಯ ತಂಬಿಗೆ ಅವಳ ಕಡೆ ತಿರುಗಿತು. ನಾನು ಮಗಳ ರಟ್ಟೆ ಹಿಡಿದು ಎಳೆದೆ. ಸೊಸೆಯ ಕೈಯಿಂದ ಲೋಟ ಕಸಿದುಕೊಂಡೆ ಎಂದೇ ಹೇಳಬೇಕು. ಅದನ್ನು ಮಗಳ ಕೈಗಿಟ್ಟು, "ಕುಡಿ. ಕಚ್ಚಿ ಕುಡಿ" ಎಂದೆ.

ಅವಳು ಮಿಕಿಮಿಕಿ ನೋಡಿದಳು. "ಬೇರೆಯೋರ ಮನೇಲಿ ಎತ್ತಿ ಕುಡೀಬೇಕು, ಕಚ್ಚಬಾರ್ದು ಅಂತ ನೀನೇ ಹೇಳಿದೀಯಲ್ಲಮ್ಮ?"

"ಇವತ್ತು ಕಚ್ಚೇ ಕುಡಿ."

ಅವಳು ನನ್ನ ಮುಖದಿಂದ ಕಣ್ಣು ತೆಗೆಯದೆ, ಲೋಟದ ಅಂಚಿಗೆ ತುಟಿಯಿಟ್ಟು ಕುಡಿದಳು. ನಾನು ಜಗುಲಿಯ ಮೇಲಿದ್ದ ಮುದುಕಿಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದೆ. ಅಪ್ಪ ಜೀವನವಿಡೀ ಕಲಿಸಿದ್ದನ್ನು ಅವನ ಪರವಾಗಿ ನಾನು ಮಾಡುತ್ತಿದ್ದೇನೆ ಅನ್ನಿಸಿತ್ತು.

ಅಪ್ಪ ಕಿರುಚಿದ. "ಅಯ್ಯೋ, ಎಂಗಿಲಿ! ಎಂಗಿಲಿ ಚೇಸಿಂದಿ!" ಎಂಜಲು ಮಾಡಿಬಿಟ್ಟಳು ಎಂದು. ಅವನ ಮೈ ಗಡಗಡ ನಡುಗುತ್ತಿತ್ತು. ಮಗಳ ಕೈಯಿಂದ ಲೋಟ ಕಿತ್ತು ಕೆಳಗಿಟ್ಟ. ಅವಳನ್ನು ತನ್ನ ಹಿಂದೆ ಮರೆಮಾಡಿಕೊಂಡು ಮುದುಕಿಗೆ ಕೈ ಮುಗಿದ. ಮಗು, ತಿಳಿಯದು, ಅವಳನ್ನೇನೂ ಮಾಡಬೇಡಿ, ಬೇಕಾದರೆ ನನ್ನನ್ನು ಹೊಡೆಯಿರಿ ಎಂದು ತೆಲುಗಿನಲ್ಲಿ ಗೋಗರೆದ. ನನ್ನ ಮಗಳು ಹೋ ಎಂದು ಅಳತೊಡಗಿದಳು. ನಾನು ಅವನ ತೋಳು ಹಿಡಿದು, "ಅಪ್ಪ, ಏನೂ ಇಲ್ಲಪ್ಪ, ನಾನು ನಿನ್ನ ಮಗಳು, ನೋಡಿಲ್ಲಿ" ಎಂದು ಏನೇನೋ ಹೇಳಿದೆ. ಯಾವುದೂ ಅವನ ಕಿವಿಗೆ ಬೀಳಲಿಲ್ಲ.

ಮುದುಕಿ ಜಗುಲಿಯ ಅಂಚಿಗೆ ಬಂದು ಬಗ್ಗಿ ನೋಡಿದಳು. "ಇವನು ನಮ್ಮ ದನ ಕಾಯ್ತಿದ್ದ ಹುಡುಗ ಅಲ್ವಾ? ಮೇಷ್ಟ್ರಾದ ಅಂತ ಕೇಳಿದ್ದೆ." ಹಾಗೆಂದವಳು ಧೊಪ್ಪನೆ ಕೂತಳು. ಆಮೇಲೆ ಅವನ ಜೊತೆ ಅವಳೂ ತೆಲುಗಿನಲ್ಲೇ ಮಾತಾಡಿದಳು, ಮಕ್ಕಳ ಜೊತೆ ಆಡುವ ಹಾಗೆ ಮೆಲ್ಲಗೆ. "ಹೆದರ್ಕೋಬೇಡ. ಯಾರೂ ಹೊಡೆಯಲ್ಲ. ಹೊಡೆಯೋರು ಸತ್ತು ಕಾಲ ಆಯ್ತು. ಮನೆಗೆ ಹೋಗು."

ಅಪ್ಪನ ನಡುಕ ನಿಂತಿತು. ಅವಳು ಹೇಳಿದ್ದು ಅವನಿಗೆ ಕೇಳಿಸಿತ್ತು. ನಾನು ಹೇಳಿ ಆಗದ್ದು ಆ ಮನೆಯ ಜಗುಲಿಯಿಂದ ಬಂದ ಮಾತಿಗೆ ಆಯಿತು. ಅವತ್ತಿನದರಲ್ಲೆಲ್ಲ ನನಗೆ ಇಂದಿಗೂ ನುಂಗಲಾಗದ್ದು ಇದೇ.

ಸೊಸೆ ಲೋಟ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು, ಆಮೇಲೆ ತಿಕ್ಕುವ ಸದ್ದು ಕೇಳಿಸಿತು. ಯಾರ ಬಾಯಿ ತಾಕಿದ ಲೋಟವನ್ನಾದರೂ ನನ್ನ ಮನೆಯಲ್ಲೂ ತೊಳೆಯುತ್ತೇವೆ. ಹಾಗೆಂದುಕೊಂಡೇ ಅಪ್ಪನ ಕೈ ಹಿಡಿದು ಹೊರಟೆ. ಲೈಟ್ ಕಂಬದ ಹತ್ತಿರ ಮಗಳು ಬಿಕ್ಕುತ್ತಲೇ ಚಪ್ಪಲಿಗಳನ್ನು ಅವನ ಕಾಲ ಮುಂದೆ ಇಟ್ಟಳು. ಅವನು ಹಾಕಿಕೊಳ್ಳಲಿಲ್ಲ, ತಿರುವು ದಾಟಿದ ಮೇಲೆ ಹಾಕಿಕೊಂಡ.

ತೋಟದಲ್ಲಿ ಅತ್ತೆ ನನ್ನ ಮಾತು ಕೇಳಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಆ ಮನೇಗಾ ಹೋಗಿದ್ದ?" ಎಂದಳು. "ಅಲ್ಲೇ ದನಕ್ಕಿದ್ದ ಕಣಮ್ಮ. ಒಂದಿನ ಬಿಸಿಲಿಗೆ ಬಾಯಾರಿ, ಯಾರೂ ಇಲ್ಲ ಅಂತ ಜಗುಲಿ ಮೇಲಿದ್ದ ಚೊಂಬಿಗೆ ಬಾಯಿ ಹಾಕ್ದ. ಬೇವಿನ ಮರಕ್ಕೆ ಕಟ್ಟಿ ಹಾಕಿ ಹೊಡೆದ್ರು. ನಮ್ಮಪ್ಪನೇ ಹೋಗಿ ಕಾಲಿಗೆ ಬಿದ್ದು ಬಿಡಿಸ್ಕೊಂಡು ಬಂದ. ಆ ಮುದುಕಿ ಆಗ ಹೊಸ ಸೊಸೆ. ಅದಾದ ಮೇಲೇನೇ ಅಣ್ಣ ಓದಕ್ಕೆ ಅಂತ ಹಾಸ್ಟೆಲ್ ಸೇರಿದ್ದು. ಊರಿಗೆ ಬಂದ್ರೂ ಆ ಬೀದಿ ತುಳೀತಿರ್ಲಿಲ್ಲ."

ಹೋಟೆಲಿನ ಕಥೆ, ಕೇಸಿನ ಕಥೆ, ದೀಕ್ಷೆಯ ಕಥೆಗಳನ್ನು ಅಪ್ಪ ನಮಗೆ ಸಾಕುಸಾಕೆನ್ನುವಷ್ಟು ಹೇಳಿದ್ದ. ಇದೊಂದನ್ನು ಅಮ್ಮನಿಗಾದರೂ ಹೇಳಿದ್ದನೋ ಇಲ್ಲವೋ. ಡಾಕ್ಟರ ಮಾತು ಆಗ ಸರಿಯಾಗಿ ಅರ್ಥವಾಯಿತು. ಓದಿದ್ದು, ಎದುರು ನಿಂತದ್ದು, ನೆಟ್ಟಗೆ ನಡೆದದ್ದು, ಅವನು ತನ್ನ ಕೈಯಾರೆ ಕಟ್ಟಿಕೊಂಡದ್ದೆಲ್ಲ ಹೊಸದು. ಮರೆವು ಮೇಲಿನಿಂದ ಸುಲಿಯುತ್ತ ಬಂದರೆ ಅಡಿಯಲ್ಲಿ ಸಿಗುವುದು ಆ ಹುಡುಗ.

ಅಪ್ಪ ಮಾತ್ರ ಅಷ್ಟರಲ್ಲಿ ಎಲ್ಲ ಮರೆತಿದ್ದ. ಶರಟು ಯಾಕೆ ಒದ್ದೆಯಾಗಿದೆ ಎಂದು ಅತ್ತೆಯನ್ನು ಕೇಳಿದ. ಮಾವಿನಕಾಯಿ ಬೇಕೆಂದ. ಮಗಳನ್ನು ಉಯ್ಯಾಲೆಗೆ ಕರೆದ. ಅವಳು ಮೊದಲು ಹಿಂಜರಿದಳು. ಆಮೇಲೆ ಹೋಗಿ ಕೂತಳು. "ಗಟ್ಟಿಯಾಗಿ ಹಿಡ್ಕೋ ಕಣೇ" ಎಂದು ಅವನು ತೂಗಿದ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಮೇಲಕ್ಕೆ ತೂಗು ಎಂದು ಮಾತ್ರ ಕೇಳಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ. ಮಗಳು ತೊಡೆಯ ಮೇಲೆ ಕೂತಿದ್ದಳು.

"ಅಮ್ಮ, ತಾತ ಯಾಕೆ ಲೋಟದಲ್ಲಿ ಕುಡೀಲಿಲ್ಲ?"

ಈ ಮಾತನ್ನು ಅವಳು ದೊಡ್ಡವಳಾದ ಮೇಲೆ, ನಿಧಾನವಾಗಿ, ಒಂದು ದಿನ ಕೂರಿಸಿಕೊಂಡು ಹೇಳಬೇಕೆಂದು ನಾನು ಅಂದುಕೊಂಡಿದ್ದೆ.

"ತಾತ ಚಿಕ್ಕೋನಿದ್ದಾಗ ಅಲ್ಲಿ ಅವನಿಗೆ ಲೋಟ ಕೊಡ್ತಿರಲಿಲ್ಲ ಪುಟ್ಟ."

"ಯಾಕೆ? ತಾತ ಏನ್ ಮಾಡಿದ್ದ?"

"ಏನೂ ಮಾಡಿರ್ಲಿಲ್ಲ. ನಮ್ಮೋರು ಮುಟ್ಟಿದ್ರೆ ಆಗ್ತಿರ್ಲಿಲ್ಲ ಅವ್ರಿಗೆ."

ಅವಳು ನಿದ್ದೆ ಹೋಗಿದ್ದ ತಾತನ ಕಡೆ ತಿರುಗಿ ನೋಡಿದಳು. "ನಮ್ಮೋರು ಅಂದ್ರೆ ನಾನೂನಾ?"

ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಆ ಸಂಜೆ ಸೊಳ್ಳೆ ಪರದೆ ತರುವುದು ಇಬ್ಬರಿಗೂ ನೆನಪಾಗಲಿಲ್ಲ.

ಅದು ಅವತ್ತಿಗೆ ಮುಗಿಯಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಅಪ್ಪ ನಮ್ಮ ಮನೆಯ ಬಾಗಿಲಲ್ಲೂ ನಿಲ್ಲತೊಡಗಿದ. ಸಂಜೆ ಅಂಗಳದಲ್ಲಿ ಅಡ್ಡಾಡಿ ಬಂದವನು ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಬಾರದೆ, "ಅಮ್ಮಾ" ಎಂದು ಕೂಗುತ್ತಿದ್ದ. ಒಳಗೆ ಕರೆದರೆ ಮುದುಡಿಕೊಳ್ಳುತ್ತಿದ್ದ. ಇದು ನಿಮ್ಮ ಮನೆ ಎಂದು ನನ್ನ ಗಂಡ ಗೋಡೆಯ ಪಟಗಳನ್ನೆಲ್ಲ ಬಾಗಿಲಿಗೆ ತಂದು ತೋರಿಸಿದ. ಪ್ರಯೋಜನವಾಗಲಿಲ್ಲ. ಕರೆದುಕೊಂಡು ಹೋಗಬೇಡ ಎಂದಿದ್ದೆನಲ್ಲ ಎಂಬ ಮಾತನ್ನು ಅವನು ಒಮ್ಮೆಯೂ ಎತ್ತಲಿಲ್ಲ.

ದಾರಿ ತೋರಿಸಿದವಳು ಮಗಳು. ಒಂದು ಸಂಜೆ ತನ್ನ ತಟ್ಟೆ ಹಿಡಿದುಕೊಂಡು ಹೊರಗೆ ಹೋಗಿ ತಾತನ ಪಕ್ಕ ಕೂತು ಮುದ್ದೆ ಮುರಿಯತೊಡಗಿದಳು. ಅವನೂ ಕೂತ, ತಟ್ಟೆಯಲ್ಲೇ ಉಂಡ. ಮರುದಿನ ನಾನೂ ನನ್ನ ಗಂಡನೂ ನಮ್ಮ ತಟ್ಟೆ ಹೊರಗೆ ತಂದೆವು. ಬಾಗಿಲ ಮುಂದಿನ ಗಚ್ಚಿನ ಮೇಲೆ ಚಾಪೆ ಹಾಸಿ, ಸಾರಿನ ಪಾತ್ರೆ, ನೀರಿನ ಚೊಂಬು, ಲೋಟಗಳನ್ನೆಲ್ಲ ಅಲ್ಲೇ ಇಟ್ಟುಕೊಂಡು ಉಣ್ಣುವುದು ರೂಢಿಯಾಯಿತು. ಪಕ್ಕದ ಮನೆಯ ಅಕ್ಕ ಮೊದಲು ವಿಚಿತ್ರವಾಗಿ ನೋಡಿದಳು. ಆಮೇಲೆ ಉಪ್ಪಿನಕಾಯಿ ತಂದು ಕೊಡತೊಡಗಿದಳು.

ಹೀಗೇ ಒಂದು ಸಂಜೆ ಉಣ್ಣುತ್ತ ಉಣ್ಣುತ್ತ ಅಪ್ಪ ತಲೆಯೆತ್ತಿ ನಮ್ಮೆಲ್ಲರನ್ನೂ ನೋಡಿದ. ಕನ್ನಡಕ ಸರಿಮಾಡಿಕೊಂಡ. "ಇದೇನು, ಎಲ್ಲರೂ ಹೊರಗೆ ಕೂತಿದೀರಲ್ಲ? ಒಳಗೆ ಜಾಗ ಇಲ್ವಾ?" ಎಂದು ಅಚ್ಚಗನ್ನಡದಲ್ಲಿ, ತರಗತಿಯಲ್ಲಿ ಕೇಳುವ ಹಾಗೆ ಕೇಳಿದ. ತನ್ನ ತಟ್ಟೆ ಎತ್ತಿಕೊಂಡು, ನೆಟ್ಟಗೆ, ಹೊಸ್ತಿಲು ದಾಟಿ ಒಳಗೆ ನಡೆದ. ನಾವು ಅವಸರ ಅವಸರವಾಗಿ ಸಾರಿನ ಪಾತ್ರೆ, ಚಾಪೆ, ಲೋಟಗಳನ್ನು ಬಾಚಿಕೊಂಡು ಅವನ ಹಿಂದೆ ಹೋದೆವು. ನನ್ನ ಗಂಡ ನಗುತ್ತಿದ್ದ, ಮಗಳು ಕುಣಿಯುತ್ತಿದ್ದಳು.

ಮರುದಿನ ಮತ್ತೆ ಹೊರಗೇ ನಿಂತ. ನಾವು ಚಾಪೆ ತಂದು ಹಾಸಿದೆವು.